ಕರೆದವರೇ ಎಣಿಸಬೇಕು

2023ರ ಸೆಪ್ಟೆಂಬರ್ 10, ಭಾನುವಾರ. ಆ ಸಂಜೆ ಚೆನ್ನೈನ ಈಸ್ಟ್ ಕೋಸ್ಟ್ ರಸ್ತೆಯಲ್ಲಿ ವಾಹನಗಳು ಅಲುಗಾಡದೆ ನಿಂತುಬಿಟ್ಟವು. ನಗರದ ಅಂಚಿನ ಪನೈಯೂರಿನಲ್ಲಿ, ಆದಿತ್ಯರಾಮ್ ಪ್ಯಾಲೇಸ್ ಸಿಟಿಯ ಬಯಲಿನಲ್ಲಿ ಎ.ಆರ್. ರೆಹಮಾನ್ ಅವರ ‘ಮರಕ್ಕುಮಾ ನೆಂಜಂ’ ಸಂಗೀತ ಕಾರ್ಯಕ್ರಮವಿತ್ತು. ಆಗಸ್ಟ್ 12ಕ್ಕೆ ನಡೆಯಬೇಕಿದ್ದದ್ದು ಮಳೆಯ ಕಾರಣಕ್ಕೆ ಮುಂದಕ್ಕೆ ಹೋಗಿತ್ತು. ಕಾದಷ್ಟೂ ಜನರ ಆಸೆ ಬೆಳೆದಿತ್ತು. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡ ಹಲವರಿಗೆ ಗೇಟಿನ ತನಕ ಬಂದೂ ಒಳಗೆ ಹೋಗಲಾಗಲಿಲ್ಲ. ಒಳಗೆ ಹೋದ ಅನೇಕರಿಗೆ ಕುರ್ಚಿ ಸಿಗಲಿಲ್ಲ. ನೂಕುನುಗ್ಗಲಿನಲ್ಲಿ ಮಕ್ಕಳು ತಂದೆ ತಾಯಿಯ ಕೈತಪ್ಪಿದರು, ಹೆಣ್ಣುಮಕ್ಕಳು ಕಿರುಕುಳ ಅನುಭವಿಸಿದರು. ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರ ವಾಹನಗಳ ಸಾಲೂ ಆ ದಟ್ಟಣೆಯಲ್ಲಿ ಸಿಕ್ಕಿಕೊಂಡಿತು.

ಮರುದಿನ ರೆಹಮಾನ್ ವಿಷಾದ ವ್ಯಕ್ತಪಡಿಸಿದರು. ಒಳಗೆ ಬರಲಾಗದವರು ಟಿಕೆಟಿನ ಪ್ರತಿಯನ್ನೂ ತಮ್ಮ ದೂರನ್ನೂ ಕಳಿಸಿಕೊಡಿ ಎಂದು ಕೇಳಿಕೊಂಡರು. ಸಂಘಟಕರು ಹೊಣೆ ತಮ್ಮದೆಂದು ಒಪ್ಪಿ ಕ್ಷಮೆ ಯಾಚಿಸಿದರು. ಅನುಮತಿಗಾಗಿ ತಿಳಿಸಿದ್ದ ಸಂಖ್ಯೆಗಿಂತ ಬಹಳ ಹೆಚ್ಚು ಜನ ಸೇರಿದ್ದರು ಎಂಬುದು ಪೊಲೀಸ್ ವಿಚಾರಣೆಯಲ್ಲಿ ಹೊರಬಿತ್ತು. ಹಾಡಿನಲ್ಲಿ ಕೊರತೆ ಇರಲಿಲ್ಲ, ಪ್ರಚಾರದಲ್ಲಂತೂ ಇರಲೇ ಇಲ್ಲ. ಕೊರತೆ ಇದ್ದದ್ದು ಎಣಿಕೆಯಲ್ಲಿ.

ಕಾರ್ಯಕ್ರಮವೊಂದಕ್ಕೆ ಜನರನ್ನು ಕರೆಯುವುದು, ಬರುವವರ ಹೆಸರು ಬರೆದುಕೊಳ್ಳುವುದು ಎಂದರೆ ಹೆಚ್ಚಿನವರಿಗೆ ಅದು ಕಚೇರಿ ಕೆಲಸ. ಪೋಸ್ಟರ್ ಮಾಡುವವರು ಒಬ್ಬರು, ಟಿಕೆಟ್ ಮಾರುವವರು ಇನ್ನೊಬ್ಬರು, ಗೇಟು ಕಾಯುವವರು ಮತ್ತೊಬ್ಬರು. ಮೂವರೂ ಒಬ್ಬರಿಗೊಬ್ಬರು ಸಿಗದೆಯೇ ಕಾರ್ಯಕ್ರಮ ಮುಗಿದುಹೋಗುವುದುಂಟು. ಅನಾಹುತಗಳ ಬೇರು ಈ ಅಗಲಿಕೆಯಲ್ಲಿದೆ. ಕರೆಯುವುದು ಮತ್ತು ಎಣಿಸುವುದು ಒಂದೇ ಕೆಲಸ. ಎರಡನ್ನೂ ಒಂದೇ ಕೈ ಮಾಡಬೇಕು. ಹಾಗೆ ಮಾಡಿದಾಗ ಏನಾಗುತ್ತದೆ, ಮಾಡದಿದ್ದಾಗ ಏನಾಗುತ್ತದೆ ಎಂಬ ಎರಡಕ್ಕೂ ಚೆನ್ನೈ ನಗರ ಒಳ್ಳೆಯ ಸಾಕ್ಷಿ.

ಎಷ್ಟು ಎಲೆ?

ಮದುವೆಗೆ ಅಡುಗೆ ಒಪ್ಪಿಸಲು ಹೋದರೆ ಭಟ್ಟರು ಮೊದಲು ಕೇಳುವುದು ‘ಎಷ್ಟು ಎಲೆ?’ ಎಂದು. ಎಷ್ಟು ಲಗ್ನಪತ್ರಿಕೆ ಹಂಚಿದ್ದೀರಿ ಎಂದು ಅವರು ಕೇಳುವುದಿಲ್ಲ. ಐನೂರು ಪತ್ರಿಕೆ ಹಂಚಿದರೆ ಎಷ್ಟು ಜನ ಊಟಕ್ಕೆ ಕೂರುತ್ತಾರೆ, ಅವರಲ್ಲಿ ಎಷ್ಟು ಜನ ಮೊದಲ ಪಂಕ್ತಿಗೇ ಬರುತ್ತಾರೆ ಎಂಬುದು ಅವರಿಗೆ ಬೇಕಾದ ಲೆಕ್ಕ. ದೊಡ್ಡ ಕಾರ್ಯಕ್ರಮದ ಸಂಘಟಕರಿಗೂ ಬೇಕಾದದ್ದು ಇದೇ.

ಕಾರ್ಯಕ್ರಮದ ಸುದ್ದಿ ಮುಟ್ಟಿದವರ ಸಂಖ್ಯೆ ಒಂದು. ಬರುತ್ತೇನೆಂದು ಹೆಸರು ಕೊಟ್ಟವರದು ಇನ್ನೊಂದು. ನಿಜವಾಗಿ ಬಂದವರದು ಮೂರನೆಯದು. ಒಂದೇ ಗಳಿಗೆಯಲ್ಲಿ ಗೇಟಿನ ಮುಂದೆ ನಿಂತವರದು ನಾಲ್ಕನೆಯದು. ಜೀವಕ್ಕೆ ಅಪಾಯ ತರುವುದು ಈ ನಾಲ್ಕನೆಯ ಸಂಖ್ಯೆ. ಪ್ರಚಾರ ಮಾಡುವವರು ಸಂಭ್ರಮಿಸುವುದು ಮಾತ್ರ ಮೊದಲನೆಯದನ್ನು.

ಹೆಸರು ಕೊಡುವುದಕ್ಕೂ ಬರುವುದಕ್ಕೂ ನಡುವಿನ ಅಂತರ ಕಾರ್ಯಕ್ರಮದ ಬಗೆಯ ಮೇಲೆ ನಿಲ್ಲುತ್ತದೆ. ದುಡ್ಡು ಕೊಟ್ಟವರು ಬಹುತೇಕ ಬಂದೇ ಬರುತ್ತಾರೆ. ಉಚಿತ ಉಪನ್ಯಾಸಕ್ಕೆ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಹೆಸರು ಕೊಟ್ಟವರು ಮಳೆ ಬಂದರೆ ಮನೆಯಲ್ಲೇ ಉಳಿಯುತ್ತಾರೆ. ಹಾಗೆಂದು ಸಭಾಂಗಣ ಹಿಡಿಯುವುದಕ್ಕಿಂತ ಹೆಚ್ಚು ಹೆಸರು ಬರೆದುಕೊಂಡರೆ, ಎಲ್ಲರೂ ಬಂದ ದಿನ ಕೊಟ್ಟ ಮಾತು ಸುಳ್ಳಾಗುತ್ತದೆ. ಇದಕ್ಕೆ ನೇರವಾದ ಉಪಾಯಗಳಿವೆ. ಎರಡು ದಿನ ಮೊದಲು ‘ಬರುತ್ತಿದ್ದೀರಾ?’ ಎಂದು ಮತ್ತೊಮ್ಮೆ ಕೇಳುವುದು, ಬರಲಾಗದವರಿಗೆ ಸುಲಭವಾಗಿ ಹೆಸರು ತೆಗೆಸುವ ದಾರಿ ಕೊಡುವುದು, ಕಾಯುವವರ ಪಟ್ಟಿಯಿಂದ ಆ ಜಾಗ ತುಂಬುವುದು. ಹತ್ತಿಪ್ಪತ್ತು ರೂಪಾಯಿ ಶುಲ್ಕ ಇಟ್ಟರೂ ಸಾಕು, ಹೆಸರು ಕೊಡುವವರು ಒಂದು ಕ್ಷಣ ಯೋಚಿಸುತ್ತಾರೆ.

ಗೇಟಿನ ಗಣಿತ

ಎಷ್ಟು ಪ್ರೇಕ್ಷಕರು ಹಿಡಿಸುತ್ತಾರೆ ಎಂದು ಕೇಳಿದರೆ ಎಲ್ಲರೂ ಮೈದಾನದ ಅಳತೆ ಹೇಳುತ್ತಾರೆ. ಮೈದಾನ ಹಿಡಿಸಿದರೆ ಸಾಲದು, ಗೇಟೂ ಹಿಡಿಸಬೇಕು, ರಸ್ತೆಯೂ ಹಿಡಿಸಬೇಕು.

ಒಬ್ಬರ ಟಿಕೆಟ್ ಪರೀಕ್ಷಿಸಿ, ಬ್ಯಾಗ್ ನೋಡಿ ಒಳಗೆ ಬಿಡಲು 6 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಂದು ಗೇಟಿನಲ್ಲಿ ನಿಮಿಷಕ್ಕೆ 10 ಜನ, ಗಂಟೆಗೆ 600 ಜನ. 20,000 ಜನರನ್ನು ಎರಡು ಗಂಟೆಯಲ್ಲಿ ಒಳಗೆ ಸೇರಿಸಬೇಕಾದರೆ 17 ಗೇಟು ಬೇಕು. ಅದೂ ಜನ ಒಂದೇ ಸಮನಾಗಿ ಬಂದರೆ ಮಾತ್ರ. ಅರ್ಧದಷ್ಟು ಜನ ಕೊನೆಯ ಅರ್ಧ ಗಂಟೆಯಲ್ಲೇ ಬಂದರೆ, ಅದೇ 17 ಗೇಟುಗಳು ಆ ಹೊತ್ತಿನಲ್ಲಿ ಒಳಗೆ ಬಿಡುವುದು ಸುಮಾರು 5,100 ಜನರನ್ನು. ಒಳಗೆ ಮೊದಲ ಹಾಡು ಶುರುವಾದಾಗ ಹೊರಗೆ ಇನ್ನೂ 4,900 ಜನ ನಿಂತಿರುತ್ತಾರೆ. ಅವರ ಕೈಯಲ್ಲಿ ಟಿಕೆಟ್ ಇದೆ, ಕಿವಿಗೆ ಹಾಡು ಬೀಳುತ್ತಿದೆ. ಅವರು ಮುಂದಕ್ಕೆ ನುಗ್ಗುವುದು ಅಶಿಸ್ತಿನಿಂದಲ್ಲ. ಲೆಕ್ಕ ತಪ್ಪಿದ ವ್ಯವಸ್ಥೆ ಅವರನ್ನು ಆ ಸ್ಥಿತಿಗೆ ತಂದು ನಿಲ್ಲಿಸಿರುತ್ತದೆ.

ವಾಹನಗಳ ಲೆಕ್ಕವೂ ಹೀಗೆಯೇ. ಆ 20,000 ಜನರಲ್ಲಿ ಅರ್ಧದಷ್ಟು ಮಂದಿ ಕಾರಿನಲ್ಲಿ, ಕಾರಿಗೆ ಮೂವರಂತೆ ಬಂದರೂ 3,300ಕ್ಕೂ ಹೆಚ್ಚು ಕಾರು. ಬಯಲಿನ ಪಾರ್ಕಿಂಗ್‌ನಲ್ಲಿ ಓಡಾಟದ ಜಾಗವೂ ಸೇರಿ ಕಾರಿಗೆ ಸುಮಾರು 23 ಚದರ ಮೀಟರ್ ಹಿಡಿಯುವುದು ರೂಢಿ. ಅಂದರೆ ಕಾರು ನಿಲ್ಲಿಸಲಿಕ್ಕೇ 19 ಎಕರೆ ನೆಲ ಬೇಕು. ಟಿಕೆಟ್ ಕೊಳ್ಳುವ ಹೊತ್ತಿನಲ್ಲೇ ‘ಹೇಗೆ ಬರುತ್ತೀರಿ?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಈ ಲೆಕ್ಕ ವಾರಗಳ ಮೊದಲೇ ಸಂಘಟಕರ ಕೈಯಲ್ಲಿರುತ್ತದೆ. ನೋಂದಣಿ ಪತ್ರದ ನಿಜವಾದ ಬೆಲೆ ಇಂಥ ಪ್ರಶ್ನೆಗಳಲ್ಲಿದೆ.

ಜನಸಂದಣಿಯ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಒಬ್ಬರು. ಒಂದು ಚದರ ಮೀಟರಿನಲ್ಲಿ ಏಳು ಜನ ಸೇರಿದರೆ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ, ಅಲ್ಲಿ ಯಾರೊಬ್ಬರ ಕಾಲೂ ಅವರ ಮಾತು ಕೇಳುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಅನಾಹುತಕ್ಕೆ ಅವರು ಗುರುತಿಸಿದ ಅಂಶಗಳು ನಾಲ್ಕು: ಗುಂಪಿನ ಒತ್ತಡ, ಜನರಿಗೆ ಸಿಕ್ಕ ಮಾಹಿತಿ, ಜಾಗ ಮತ್ತು ಸಮಯ. ಇವುಗಳಲ್ಲಿ ಒತ್ತಡವೊಂದೇ ಆ ದಿನ ಹುಟ್ಟುವಂಥದ್ದು. ಮಾಹಿತಿ, ಜಾಗ, ಸಮಯ ಮೂರೂ ನಿರ್ಧಾರವಾಗುವುದು ಮೊದಲೇ, ಪ್ರಚಾರ ಮತ್ತು ನೋಂದಣಿಯ ಮೇಜಿನ ಮೇಲೆ.

ಮರೀನಾದ ಭಾನುವಾರ

ಟಿಕೆಟ್ಟೇ ಇಲ್ಲದ ಕಾರ್ಯಕ್ರಮಕ್ಕೆ ಎಣಿಕೆ ಬೇಕೇ? 2024ರ ಅಕ್ಟೋಬರ್ 6ರಂದು ಮರೀನಾ ಕಡಲತೀರ ಇದಕ್ಕೆ ಉತ್ತರ ಕೊಟ್ಟಿತು. ಭಾರತೀಯ ವಾಯುಪಡೆಯ 92ನೇ ವರ್ಷಾಚರಣೆಯ ಅಂಗವಾಗಿ ಅಲ್ಲಿ ವೈಮಾನಿಕ ಪ್ರದರ್ಶನ ನಡೆಯಿತು. ಅದಕ್ಕೂ ಮೊದಲು ಚೆನ್ನೈ ಇಂಥದ್ದನ್ನು ಕಂಡದ್ದು 2003ರಲ್ಲಿ. 72 ವಿಮಾನಗಳು, ಉಚಿತ ಪ್ರವೇಶ, ಭಾನುವಾರದ ರಜೆ. ಅತಿ ಹೆಚ್ಚು ಪ್ರೇಕ್ಷಕರ ದಾಖಲೆ ಬರೆಯುವ ಉತ್ಸಾಹವೂ ಪ್ರಚಾರದಲ್ಲಿ ಸೇರಿತ್ತು. ಬಂದವರು ಸುಮಾರು 15 ಲಕ್ಷ ಎಂಬ ಅಂದಾಜು ಕೇಳಿಬಂತು.

ಪ್ರದರ್ಶನ ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ. ಜಾಗ ಹಿಡಿಯಲು ಬೆಳಿಗ್ಗೆಯೇ ಬಂದು ಕೂತವರಿಗೆ ನೆರಳಿಲ್ಲ, ಮರಳು ಕಾದ ಹೆಂಚು. ಮುಗಿದ ಕೂಡಲೇ ಎಲ್ಲರೂ ಒಮ್ಮೆಲೇ ಎದ್ದರು. ವೇಳಚೇರಿ, ಚಿಂತಾದ್ರಿಪೇಟೆ ನಿಲ್ದಾಣಗಳ ಪ್ಲಾಟ್‌ಫಾರ್ಮ್‌ಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಮರಾಜರ್ ಸಾಲೈಯಿಂದ ಜನ ಗಂಟೆಗಟ್ಟಲೆ ನಡೆದರು. ಐದು ಜನ ಪ್ರಾಣ ಬಿಟ್ಟರು. ಇನ್ನೂರಕ್ಕೂ ಹೆಚ್ಚು ಮಂದಿ ಬಿಸಿಲಿಗೂ ಬಾಯಾರಿಕೆಗೂ ಬಳಲಿ ಅಸ್ವಸ್ಥರಾದರು.

ಅಷ್ಟು ಜನರ ಹೆಸರು ಬರೆದುಕೊಳ್ಳಲು ಯಾರಿಂದಲೂ ಆಗದು ಎನ್ನುವುದು ನಿಜ. ಆದರೆ ಹೆಸರು ಬೇರೆ, ಎಣಿಕೆ ಬೇರೆ. ಕಡಲತೀರವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಒಂದು ಮಿತಿ ಇಟ್ಟು, ತುಂಬಿದ ಕೂಡಲೇ ರೈಲು, ಬಸ್ಸು, ಎಫ್‌ಎಂ, ಮೊಬೈಲ್ ಎಲ್ಲೆಡೆ ‘ಈ ಕಡೆ ಭರ್ತಿಯಾಗಿದೆ’ ಎಂದು ಸಾರುವುದು ಸಾಧ್ಯ. ಉಚಿತವಾಗಿಯೇ ಬಣ್ಣದ ಪಾಸು ಕೊಟ್ಟು, ಬಣ್ಣಕ್ಕೊಂದು ನಿಲ್ದಾಣ ಗೊತ್ತುಮಾಡುವುದೂ ಸಾಧ್ಯ. ಕರೆಯುವಾಗ ಬಳಸಿದ ಧ್ವನಿವರ್ಧಕವನ್ನೇ ‘ಸಾಕು, ಇನ್ನು ಬರಬೇಡಿ’ ಎನ್ನಲೂ ಬಳಸುವ ಧೈರ್ಯ ಬೇಕು. ಪ್ರಚಾರಕ್ಕೆ ಕೊನೆಯ ದಿನವೂ ಒಂದು ಕೆಲಸವಿದೆ, ಅದು ಜನರನ್ನು ತಡೆಯುವ ಕೆಲಸ.

ಮಾರ್ಗಳಿಯ ಶಿಸ್ತು

ಇದೇ ಚೆನ್ನೈನಲ್ಲಿ ಪ್ರತಿ ಡಿಸೆಂಬರ್, ತಮಿಳರ ಮಾರ್ಗಳಿ ಮಾಸ, ಬಂತೆಂದರೆ ಹತ್ತಾರು ಸಂಗೀತ ಸಭೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಛೇರಿಗಳು ನಡೆಯುತ್ತವೆ. 1927ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅದರ ವಾರ್ಷಿಕ ಸಮ್ಮೇಳನವೇ ಬೆಳೆದು ಇಂದಿನ ಮಾರ್ಗಳಿ ಸಂಗೀತೋತ್ಸವವಾಯಿತು. ಅಕಾಡೆಮಿಯ ಸಭಾಂಗಣವನ್ನು 1962ರಲ್ಲಿ ಉದ್ಘಾಟಿಸಿದವರು ನಮ್ಮ ಜಯಚಾಮರಾಜ ಒಡೆಯರ್. ಮೈಸೂರು ವಾಸುದೇವಾಚಾರ್ಯ, ಟಿ. ಚೌಡಯ್ಯ, ವಿ. ದೊರೆಸ್ವಾಮಿ ಅಯ್ಯಂಗಾರ್, ಆರ್.ಕೆ. ಶ್ರೀಕಂಠನ್ ಅವರಿಗೆಲ್ಲ ‘ಸಂಗೀತ ಕಲಾನಿಧಿ’ ಪದವಿ ಕೊಟ್ಟ ಸಂಸ್ಥೆ ಅದು.

ಸುಮಾರು 1,600 ಆಸನಗಳ ಆ ಸಭಾಂಗಣಕ್ಕೆ ಜನ ಬರುವ ಬಗೆ ನೋಡಿದರೆ ಎಣಿಕೆಯ ಕಲೆ ತಿಳಿಯುತ್ತದೆ. ಯಾವ ದಿನ, ಯಾವ ಹೊತ್ತು, ಯಾರ ಕಛೇರಿ ಎಂಬ ಪೂರ್ತಿ ಪಟ್ಟಿ ವಾರಗಳ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ರಸಿಕರು ಅದನ್ನು ಕತ್ತರಿಸಿ, ಗೆರೆ ಎಳೆದು, ಈ ಸಭೆಯಿಂದ ಆ ಸಭೆಗೆ ಹೋಗುವ ದಾರಿ ಲೆಕ್ಕ ಹಾಕುತ್ತಾರೆ. ಇಡೀ ಋತುವಿಗೆ ಸೀಸನ್ ಟಿಕೆಟ್ ಕೊಂಡವರು ಒಂದು ವರ್ಗ, ದಿನದ ಟಿಕೆಟಿಗೆ ಕೌಂಟರಿನಲ್ಲಿ ಸಾಲು ನಿಲ್ಲುವವರು ಇನ್ನೊಂದು ವರ್ಗ. ಎಳೆಯರ ಮಧ್ಯಾಹ್ನದ ಕಛೇರಿಗಳಿಗೆ ಅನೇಕ ಸಭೆಗಳಲ್ಲಿ ಟಿಕೆಟ್ಟೇ ಇರುವುದಿಲ್ಲ. ಹಿರಿಯರ ಸಂಜೆಯ ಕಛೇರಿಗೆ ಟಿಕೆಟ್. ಜನ ಎಲ್ಲಿ ವಿರಳವೋ ಅಲ್ಲಿ ಬಾಗಿಲು ತೆರೆದಿಟ್ಟು, ಎಲ್ಲಿ ಮುಗಿಬೀಳುತ್ತಾರೋ ಅಲ್ಲಿ ಎಣಿಸುವ ಈ ಕ್ರಮ ದಶಕಗಳ ಅನುಭವದಿಂದ ಬಂದದ್ದು. ಕ್ಯಾಂಟೀನಿನ ವೇಳೆಯೂ ಇದಕ್ಕೆ ಹೊಂದಿಕೊಂಡಿದೆ. ಒಂದು ಕಛೇರಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಜನ ದೋಸೆ, ಕಾಫಿಯ ಕಡೆ ಸರಿಯುತ್ತಾರೆ. ಒಳಗಿನ ಸಾಲೂ ಹೊರಗಿನ ಸಾಲೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ.

ಇಲ್ಲೂ ಕೊರಗಿದೆ. ಪ್ರಾಯೋಜಕರಿಗೆ ಮೀಸಲಾದ ಮುಂದಿನ ಸಾಲುಗಳು ಖಾಲಿ ಇರುವಾಗ ಹೊರಗೆ ಟಿಕೆಟ್ ಸಿಗದ ರಸಿಕರು ಹಿಂದಿರುಗುತ್ತಾರೆ ಎಂಬ ದೂರು ಹಳೆಯದು. ಕಛೇರಿ ಶುರುವಾಗಿ ಹತ್ತು ನಿಮಿಷಕ್ಕೆ ಖಾಲಿ ಆಸನಗಳನ್ನು ಕಾಯುವವರಿಗೆ ಬಿಟ್ಟುಕೊಡುವ ನಿಯಮ ಎಲ್ಲ ಸಭೆಗಳಲ್ಲೂ ಬರಬೇಕು. ಕಲಾವಿದರಿಗೆ ಖಾಲಿ ಕುರ್ಚಿಯ ಎದುರು ಹಾಡುವ ದುಃಖವೂ ತಪ್ಪುತ್ತದೆ.

ಹಾಲಿನ ಪ್ಯಾಕೆಟ್ ಮೇಲಿನ ‘ತಂಬಿ’

ಪ್ರಚಾರ ಮತ್ತು ನೋಂದಣಿ ಕೈಹಿಡಿದು ನಡೆದದ್ದನ್ನು ನೋಡಬೇಕಾದರೆ 2022ರ 44ನೇ ಚೆಸ್ ಒಲಿಂಪಿಯಾಡ್ ನೆನಪಿಸಿಕೊಳ್ಳಬೇಕು. ರಷ್ಯಾದಲ್ಲಿ ನಡೆಯಬೇಕಿದ್ದ ಕೂಟ ಯುದ್ಧದ ಕಾರಣ ಕೈತಪ್ಪಿ, ಮಾರ್ಚ್‌ನಲ್ಲಿ ಚೆನ್ನೈಗೆ ಬಂತು. ಜುಲೈ 28ಕ್ಕೆ ಉದ್ಘಾಟನೆ. ನಡುವೆ ನಾಲ್ಕು ತಿಂಗಳು ಮಾತ್ರ.

ಆ ನಾಲ್ಕು ತಿಂಗಳಲ್ಲಿ ಚೆಸ್ ಗೊತ್ತಿಲ್ಲದವರಿಗೂ ಚೆಸ್ ಬರುತ್ತಿದೆ ಎಂಬುದು ಗೊತ್ತಾಯಿತು. ಕೂವಂ ನದಿಯ ಮೇಲಿನ ನೇಪಿಯರ್ ಸೇತುವೆಗೆ ಚದುರಂಗದ ಮನೆಗಳಂತೆ ಕಪ್ಪು ಬಿಳುಪು ಬಣ್ಣ ಬಳಿದರು. ವೇಷ್ಟಿ, ಶರ್ಟು ತೊಟ್ಟು ಕೈಮುಗಿದು ನಿಂತ ಕುದುರೆ ‘ತಂಬಿ’ ಕೂಟದ ಲಾಂಛನವಾದ. ಆವಿನ್ ಹಾಲಿನ ಪ್ಯಾಕೆಟ್ ಮೇಲೂ ಒಲಿಂಪಿಯಾಡ್ ಅಚ್ಚಾಯಿತು; ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುವ ಮನೆಯಾಕೆಗೆ ಸುದ್ದಿ ತಾನಾಗಿ ತಲುಪಿತು. ಚೆಸ್ ಒಲಿಂಪಿಯಾಡ್‌ಗೆ ಮೊದಲ ಬಾರಿಗೆ ಜ್ಯೋತಿ ಯಾತ್ರೆ ಹೊರಟು ದೇಶದ 75 ನಗರಗಳನ್ನು ಸುತ್ತಿತು.

ಇನ್ನೊಂದು ಕಡೆ, ಯಾರಿಗೂ ಕಾಣದ ಕೆಲಸ ನಡೆದಿತ್ತು. ಮುಕ್ತ ವಿಭಾಗದಲ್ಲಿ 188 ತಂಡ, ಮಹಿಳಾ ವಿಭಾಗದಲ್ಲಿ 162 ತಂಡ, ಒಟ್ಟು 1,737 ಆಟಗಾರರು ನೋಂದಾಯಿಸಿಕೊಂಡರು. ಎರಡೂ ವಿಭಾಗಗಳಲ್ಲಿ ತಂಡಗಳ ಸಂಖ್ಯೆ ದಾಖಲೆ ಬರೆಯಿತು. ಪ್ರತಿಯೊಬ್ಬರಿಗೂ ವೀಸಾ, ವಿಮಾನ, ಹೋಟೆಲು, ಊಟ, ಚೆನ್ನೈ ಸಮೀಪದ ಮಾಮಲ್ಲಪುರದಲ್ಲಿ ಪಂದ್ಯದ ಮೇಜು. ಬರುತ್ತೇವೆಂದು ಹೇಳಿದವರೆಲ್ಲ ಆಡುತ್ತಾರೆಂಬ ಖಾತ್ರಿಯೂ ಇಲ್ಲ; ಪಾಕಿಸ್ತಾನ ತಂಡ ಬಂದಿಳಿದ ಮೇಲೆ ಕೂಟದಿಂದ ಹಿಂದೆ ಸರಿಯಿತು. ಆದರೂ ಕೂಟ ಸಾಗಿತು. ಪ್ರಚಾರ ಊರಿನವರಿಗೆಲ್ಲ ತೆರೆದಿತ್ತು, ಸಭಾಂಗಣ ಹೆಸರು ಕೊಟ್ಟವರಿಗೆ ಮಾತ್ರ ತೆರೆದಿತ್ತು. ಊರಿಗೆ ಹಬ್ಬ ಸಿಕ್ಕಿದ್ದು ಸೇತುವೆಯ ಮೇಲೆ, ಬೀದಿಯಲ್ಲಿ. ಆಟಗಾರರಿಗೆ ನಿಶ್ಶಬ್ದ ಸಿಕ್ಕಿದ್ದು ಒಳಗೆ. ಎಲ್ಲರನ್ನೂ ಒಂದೇ ಗೇಟಿಗೆ ಕರೆಯದೆಯೂ ಎಲ್ಲರನ್ನೂ ಸೇರಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ಚಿಕ್ಕ ಕೂಟಗಳಿಗೂ ಇದೇ ನಿಯಮ ಸಲ್ಲುತ್ತದೆ. 2004ರಿಂದ ಆಗಸ್ಟ್ 22ರ ಆಸುಪಾಸಿನಲ್ಲಿ ಮದ್ರಾಸ್ ದಿನದ ಆಚರಣೆ ನಡೆಯುತ್ತಿದೆ. ಇತಿಹಾಸಕಾರ ಎಸ್. ಮುತ್ತಯ್ಯ, ಪತ್ರಕರ್ತರಾದ ವಿನ್ಸೆಂಟ್ ಡಿಸೋಜ, ಶಶಿ ನಾಯರ್ ಶುರು ಮಾಡಿದ ಈ ಆಚರಣೆಗೆ ದೊಡ್ಡ ವೇದಿಕೆಯಿಲ್ಲ. ಒಂದೊಂದು ಬಡಾವಣೆಯಲ್ಲಿ ಒಬ್ಬೊಬ್ಬರು ಪಾರಂಪರಿಕ ನಡಿಗೆ ಏರ್ಪಡಿಸುತ್ತಾರೆ. ವಿವರಿಸುವವರ ದನಿ ಎಷ್ಟು ದೂರ ಕೇಳುತ್ತದೋ ಅಷ್ಟೇ ಜನರ ಹೆಸರು ಬರೆದುಕೊಳ್ಳುತ್ತಾರೆ. ಜನವರಿಯಲ್ಲಿ ಕಪಾಲೀಶ್ವರ ದೇವಾಲಯದ ಪಕ್ಕದ ಉತ್ತರ ಮಾಡ ಬೀದಿಯಲ್ಲಿ ನಡೆಯುವ ಮೈಲಾಪುರ ಉತ್ಸವದ ಕೋಲಂ ಸ್ಪರ್ಧೆಯಲ್ಲಿ ಈ ಸೂತ್ರ ಕಣ್ಣಿಗೇ ಕಾಣುತ್ತದೆ. ಹೆಸರು ಕೊಟ್ಟವರಿಗೆ ಬೀದಿಯಲ್ಲಿ ಒಂದೊಂದು ಚೌಕ. ರಂಗೋಲಿ ಹಿಟ್ಟಿನ ಡಬ್ಬಿ ಹಿಡಿದ ಅಜ್ಜಿಯೂ ಮೊಮ್ಮಗಳೂ ತಂತಮ್ಮ ಚೌಕದಲ್ಲಿ ಕೂತು ಚುಕ್ಕಿ ಇಡುತ್ತಾರೆ. ಚೌಕ ಮುಗಿದರೆ ನೋಂದಣಿ ಮುಗಿಯಿತು. ಬೀದಿಯ ಉದ್ದವೇ ಅಲ್ಲಿನ ಮಿತಿ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಬೆಂಗಳೂರಿಗೆ ಬಂದ ಬಿಸಿ

ಕನ್ನಡಿಗರಿಗೆ ಇದು ನೆರೆಮನೆಯ ಕಥೆಯಾಗಿ ಉಳಿದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಅಭಿಮಾನಿಗಳು ಬಂದಿದ್ದರು. ಪೊಲೀಸರ ಅನುಮತಿ ಇಲ್ಲದೆಯೇ ಜಾಲತಾಣಗಳಲ್ಲಿ ಐಪಿಎಲ್ ಗೆದ್ದ ಆರ್‌ಸಿಬಿ ತಂಡದ ವಿಜಯೋತ್ಸವಕ್ಕೆ ಕರೆ ಹೋಗಿತ್ತು, ಪಾಸಿನ ಮಾತು ಬಂದದ್ದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಎಂದು ರಾಜ್ಯ ಸರ್ಕಾರ ಹೈಕೋರ್ಟಿಗೆ ಸಲ್ಲಿಸಿದ ವರದಿ ಹೇಳಿತು. ಕರೆ ಬೆಳಿಗ್ಗೆ ಹೊರಟಿತ್ತು, ಎಣಿಕೆಯ ಮಾತು ಮಧ್ಯಾಹ್ನ ಕಳೆಯುವ ಹೊತ್ತಿಗೆ ಬಂತು. ಆ ಅಂತರದಲ್ಲಿ ಎಳೆಯ ಜೀವಗಳು ಹೋದವು. ಅದೇ ವರ್ಷದ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ಪಕ್ಷದ ಸಭೆಯಲ್ಲಿ 41 ಜನ ಸತ್ತರು. 10,000 ಜನ ಬರುತ್ತಾರೆಂದು ಅರ್ಜಿ ಸಲ್ಲಿಸಲಾಗಿತ್ತು, ಬಂದವರು ಸುಮಾರು 27,000 ಎಂದು ಪೊಲೀಸರು ಹೇಳಿದರು.

ನಮ್ಮಲ್ಲಿ ತಿಳಿವಳಿಕೆಗೆ ಬರವಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲೇ ಜನಸಂದಣಿ ನಿರ್ವಹಣೆಯ ಕೈಪಿಡಿ ಹೊರತಂದಿತು. ಸಂಘಟಕರನ್ನು ಹೊಣೆ ಮಾಡುವ ಮಸೂದೆ 2025ರ ಆಗಸ್ಟ್‌ನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಮಂಡನೆಯಾಯಿತು. ಕಾನೂನು ಬೇಕು. ಆದರೆ ಶಿಕ್ಷೆಯ ಭಯ ಅನಾಹುತದ ನಂತರದ ಮಾತು; ಲೆಕ್ಕದ ಎಚ್ಚರ ಅದಕ್ಕೂ ಮೊದಲಿನದು.

ನೋಂದಣಿಯ ಹೆಸರಿನಲ್ಲಿ ನಡೆಯುವ ಇನ್ನೊಂದು ಅತಿರೇಕವನ್ನೂ ಹೇಳಲೇಬೇಕು. ಒಂದು ಗಂಟೆಯ ಉಪನ್ಯಾಸಕ್ಕೆ ಹುಟ್ಟಿದ ದಿನಾಂಕ, ಮನೆ ವಿಳಾಸ, ಆಧಾರ್ ಸಂಖ್ಯೆ ಕೇಳುವ ಅರ್ಜಿಗಳು ಓಡಾಡುತ್ತವೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಅದಕ್ಕಷ್ಟೇ ಬಳಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಹೆಸರು, ಫೋನ್ ನಂಬರು, ಎಷ್ಟು ಜನ, ಹೇಗೆ ಬರುತ್ತೀರಿ, ಗಾಲಿಕುರ್ಚಿಯಂಥ ನೆರವು ಬೇಕೆ ಎಂಬಷ್ಟು ಕೇಳಿದರೆ ಧಾರಾಳವಾಯಿತು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗಾಗಿ ಒಂದು ಫೋನ್ ನಂಬರೂ ಒಂದು ಕೌಂಟರೂ ಇರಲೇಬೇಕು. ಇಲ್ಲವಾದರೆ ನೋಂದಣಿಯೇ ಒಂದು ಬೇಲಿಯಾಗುತ್ತದೆ.

ನವೆಂಬರ್ ಬಂದರೆ ನಾಡಿನೊಳಗೂ ಹೊರಗೂ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಸಜ್ಜಾಗುತ್ತವೆ. ಬೇಸಿಗೆಗೆ ಜಾತ್ರೆ, ಸಂಗೀತೋತ್ಸವ, ಸಾಹಿತ್ಯ ಸಮ್ಮೇಳನ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಸಂಘದ ಕಾರ್ಯದರ್ಶಿ ಒಂದು ಹಾಳೆ ತೆಗೆದುಕೊಂಡು ಐದು ಸಂಖ್ಯೆ ಬರೆಯಲಿ: ಆಸನ ಎಷ್ಟು, ಗೇಟು ಎಷ್ಟು, ಗಂಟೆಗೆ ಒಳಗೆ ಬಿಡಲಾಗುವುದು ಎಷ್ಟು, ವಾಹನಕ್ಕೆ ಜಾಗ ಎಷ್ಟು, ಕುಡಿಯುವ ನೀರು ಎಷ್ಟು. ಇವುಗಳಲ್ಲಿ ಯಾವುದು ಅತಿ ಕಡಿಮೆ ಜನರಿಗೆ ಸಾಲುತ್ತದೋ ಅದೇ ಕಾರ್ಯಕ್ರಮದ ಮಿತಿ. ಆ ಮಿತಿಯನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿಸಲಿ, ತುಂಬಿದ ದಿನ ‘ಭರ್ತಿಯಾಗಿದೆ’ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಸಾರಲಿ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಸುಖವಾಗಿ ಮನೆಗೆ ಕಳಿಸುವ ಶಕ್ತಿ ಎಷ್ಟಿದೆಯೋ ಅಷ್ಟೇ ಜನರನ್ನು ಕರೆಯುವ ಹಕ್ಕು ಸಂಘಟಕರಿಗಿದೆ. ಅದಕ್ಕಿಂತ ಹೆಚ್ಚು ಒಬ್ಬರನ್ನೂ ಕರೆಯುವ ಹಕ್ಕು ಯಾರಿಗೂ ಇಲ್ಲ.